ಬಿರಿಯಾನಿ ತಿಂದ ಸೊಸೆ

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಮೊಬೈಲು ಹಿಡಿಯುವ ದರಿದ್ರ ಅಭ್ಯಾಸ ತಂದವನು ನನ್ನ ಮೈದುನ ಯತಿರಾಜ್. ಆ ಭಾನುವಾರವೂ ಅವನೇ. ಕೆಳಗೆ ನಮ್ಮ ಹೋಟೆಲಿನಲ್ಲಿ ನಾಸಿಕದ ರಾಮಕುಂಡದಲ್ಲಿ ಮಿಂದು ಬಂದ ಯಾತ್ರಿಕರ ಗದ್ದಲ. ಮೇಲೆ ಮನೆಯಲ್ಲಿ ನನ್ನ ಗಂಡ ಭುಜಂಗ, ಅತ್ತೆ ಕುಸುಮಾವತಿ, ಈ ಯತಿರಾಜ್ ಊಟಕ್ಕೆ ಕೂತಿದ್ದರು. ನಾನು ಬಸಳೆ ಹುಳಿ ಬಡಿಸುತ್ತಿದ್ದೆ.

"ಅತ್ತಿಗೆ, ಇಲ್ಲಿ ಕಾಣಿ. ನಿಮ್ಮ ಮಗಳು ಫೇಮಸ್ ಆಗಿ ಹೋದಳು. ಲಕ್ಷಗಟ್ಟಲೆ ಜನ ನೋಡಿದ್ದಾರೆ. ನಾನು ಡೌನ್‌ಲೋಡ್ ಮಾಡಿ ಕೆಳಗೆ ಕೌಂಟರ್ ಟಿವಿಯಲ್ಲೂ ಹಾಕಿದೆ."

ನನ್ನ ಮಗಳು ಅಪೇಕ್ಷಾ ಸಂಭಾಜಿನಗರದ ಒಂದು ಕಾಲೇಜಿನಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಓದಿಗಿಂತ ರೀಲು ಜಾಸ್ತಿ. ಬಿಳಿ ಕೋಟು ಹಾಕಿಕೊಂಡು ಮೂತಿ ಓರೆ ಮಾಡಿ ಏನೋ ಹೇಳುವುದು, ಅದಕ್ಕೆ ಜನ ಹೃದಯ ಒತ್ತುವುದು. ಈ ಮನೆಯ ಗಂಡಸರಿಗೆ ಅದೊಂದು ದೊಡ್ಡ ಹೆಮ್ಮೆ.

ಯತಿರಾಜ್ ಮೊಬೈಲು ತಿರುಗಿಸಿದ. ಆಸ್ಪತ್ರೆಯ ಜಗಲಿ. ತಲೆ ತುಂಬ ಸೆರಗು ಹೊದ್ದ, ಹಣೆ ತುಂಬ ಕುಂಕುಮದ ಒಬ್ಬ ವಯಸ್ಸಾದ ಹೆಂಗಸು ಕೈ ಮುಗಿದುಕೊಂಡು ಹೇಳುತ್ತಿದ್ದಾಳೆ: "ನನ್ನ ಸೊಸಿ ಮುಂಜಾನಿಂದ ಬ್ಯಾನಿ ತಿನ್ನಾಕತ್ತಾಳ್ರೀ ಬಾಯಾರ. ಭಾಳ ಬ್ಯಾನಿ ತಿಂದಾಳ್ರೀ." ಕೂಡಲೇ ನನ್ನ ಮಗಳ ಮುಖ ಬಂತು. ಕಣ್ಣರಳಿಸಿ ಹಿಂದಿಯಲ್ಲಿ, ಅತ್ತೆಮ್ಮ ಹೇಳುತ್ತಿದ್ದಾರೆ, ಸೊಸೆ ಬೆಳಗಿನಿಂದ ಬಿರಿಯಾನಿ ತಿನ್ನುತ್ತಿದ್ದಾಳಂತೆ, ಇದು ಹೆರಿಗೆ ವಾರ್ಡೋ ಮದುವೆ ಊಟವೋ ಎಂದಳು. ಹಿಂದೆ ಡೋಲು, ನಗು.

ಭುಜಂಗ ಅನ್ನ ನೆತ್ತಿಗೇರುವಷ್ಟು ನಕ್ಕರು. ಅತ್ತೆಗೆ ಕಿವಿ ಮಂದ. ಅವರು ಎಂಜಲು ಕೈಯನ್ನು ಬದಿಗಿಟ್ಟು, "ಇತ್ತ ಕೊಡು, ಇನ್ನೊಮ್ಮೆ ಹಾಕು" ಎಂದು ಮೊಬೈಲನ್ನು ಕಿವಿಗೇ ಒತ್ತಿಕೊಂಡರು. ಕೇಳಿದರು. ಮತ್ತೊಮ್ಮೆ ಹಾಕಿಸಿದರು.

"ಇವಳು ಬಿರಿಯಾನಿ ಅಂತ ಎಲ್ಲಿ ಹೇಳಿದಳು?" ಎಂದರು ಅತ್ತೆ. "ಬೇನೆ ಅಂತ ಹೇಳುದು ಅವಳು. ಸೊಸೆ ಬೇನೆ ತಿನ್ತಾ ಇದ್ದಾಳೆ ಅಂತ. ಹೆರಿಗೆ ಬೇನೆ ಮಾರಾಯ!"

ನನ್ನ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು.

"ಘಟ್ಟದ ಮೇಲಿನವರ ಭಾಷೆ ಯಾರಿಗೆ ಅರ್ಥ ಆಗ್ತದಮ್ಮ? ತಮಾಷೆಗೆ ಮಾಡಿದ್ದು ಅದು" ಎಂದ ಯತಿರಾಜ್.

"ಬೇನೆ ತಿನ್ನುವವಳಿಗೆ ತಮಾಷೆಯಾ? ನಿನ್ನನ್ನು ಹೆರುವಾಗ ನನಗೆ ತಮಾಷೆ ಇರಲಿಲ್ಲ" ಎಂದರು ಅತ್ತೆ.

ತಪ್ಪು ಆದದ್ದು ಹೇಗೆ ಎಂದು ನನಗೆ ಹೊಳೆಯಿತು. ಅಪೇಕ್ಷಾ ಹುಟ್ಟಿದ್ದು ಇಲ್ಲೇ ಪಂಚವಟಿಯಲ್ಲಿ, ಕಲಿತದ್ದು ಮರಾಠಿ ಶಾಲೆಯಲ್ಲಿ. ನಮ್ಮ ಬಾರ್ಕೂರು ಕಡೆಯ ಕನ್ನಡ ಅವಳಿಗೆ ಕೇಳಿದರೆ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ನಾವೂ ನೋವು ಅನ್ನುತ್ತೇವೆ, ಪೇನ್ ಅನ್ನುತ್ತೇವೆ. ಬೇನೆ ಎಂಬ ಶಬ್ದ ಅತ್ತೆಯ ಬಾಯಲ್ಲಿ ಮಾತ್ರ ಉಳಿದಿತ್ತು, ಅವರ ಮಾತನ್ನು ಅವಳು ಯಾವತ್ತು ಕೂತು ಕೇಳಿದ್ದಾಳೆ? ಆದರೆ ನನಗೆ ಹೆದರಿಕೆ ಆದದ್ದು ಆ ತಪ್ಪಿಗಲ್ಲ, ಡಾಕ್ಟರಿಗೂ ಇವಳು ಹಾಗೆಯೇ ಹೇಳಿದ್ದರೆ ಎಂದು. ನಾನು ಕೈ ತೊಳೆದು ಫೋನು ಹಚ್ಚಿದೆ, ಎಲ್ಲರಿಗೂ ಕೇಳುವ ಹಾಗೆ.

"ಅಪೇಕ್ಷಾ, ಆ ರೀಲಿನ ಹೆಂಗಸು ಹೇಳಿದ್ದನ್ನು ನೀನು ಡಾಕ್ಟರಿಗೆ ಎಂತ ಅಂತ ಹೇಳಿದ್ದು?"

"ಅರೆ ಮಮ್ಮಿ, ಬಿರಿಯಾನಿ ಅಂತಲೇ. ಕನ್ನಡ ಯಾರಿಗೆ ಬರ್ತದೆ ಅಂತ ಸರ್ ಕೇಳಿದ್ರು, ನಾನು ಹೋದೆ. ಪೇಶಂಟ್ ಖಾಲಿ ಹೊಟ್ಟೆಯಲ್ಲಿ ಇದ್ದಾಳಾ ಕೇಳು ಅಂದ್ರು. ಬಿರಿಯಾನಿ ತಿಂದಿದ್ದಾಳೆ ಸರ್ ಅಂದೆ. ಸಗಳೇ ಹಸ್ಲೇ, ಎಲ್ಲಾ ನಕ್ಕರು."

"ನೋವು ಶುರು ಆಗಿದೆಯಾ ಅಂತ ಕೇಳಲಿಲ್ಲವಾ ಅವರು?"

"ಕೇಳಿದ್ರು ನಾ. ಆ ಹೆಂಗಸು ನೋವು ಅಂತ ಬೋಲ್ಲೀಚ್ ನಾಹೀ, ಹೇಳಲೇ ಇಲ್ಲ."

"ಬೋಲ್ಲಿ ಮಾರಾಯ್ತಿ, ಬೋಲ್ಲಿ!" ಎಂದು ಅತ್ತೆ ಕೂತಲ್ಲಿಂದಲೇ ಕೂಗಿದರು. "ಬ್ಯಾನಿ ಅಂದರೆ ಬೇನೆ. ನಾವು ಹೆರುವಾಗ ತಿನ್ನುದು ಅದನ್ನೇ!"

"ಆ ಹುಡುಗಿಗೆ ಆಮೇಲೆ ಎಂತಾಯ್ತು?" ಎಂದೆ.

"ಮಲಾ ಕಾಯ್ ಮಾಹೀತ್, ನನಗೆಂತ ಗೊತ್ತು? ಆ ವಾರ್ಡಿನ ನನ್ನ ಪೋಸ್ಟಿಂಗ್ ಮುಗೀತು. ಸಂಡೇ ದಿನ ಸುಮ್ನೆ ತಲೆ ತಿನ್ಬೇಡ ಮಮ್ಮಿ." ಫೋನು ಕಟ್ಟಾಯಿತು. ಭುಜಂಗ ಮಜ್ಜಿಗೆ ಕೇಳಿದರು. ನಾನು ಪಾತ್ರೆಯನ್ನು ಅವರ ಮುಂದೆ ಕುಕ್ಕಿ ಒಳಗೆ ಹೋದೆ.

ಮುಂದಿನ ವಾರ ಮಗಳೇ ಮನೆಗೆ ಬಂದಳು, ಮುಖ ಊದಿಸಿಕೊಂಡು. ವಿಜಯಪುರದ ಕಡೆಯ ಯಾರೋ ರೀಲಿನ ಕೆಳಗೆ ನಿಜವಾದ ಅರ್ಥ ಬರೆದು ಉಗಿದಿದ್ದರಂತೆ. ಅದಕ್ಕೆ ಸಾವಿರ ಜನ ಸೇರಿ ಉಗಿದರು. ಕಾಲೇಜಿಗೂ ದೂರು ಹೋಯಿತು. ರೋಗಿಯ ಕಡೆಯವರ ವಿಡಿಯೋವನ್ನು ಅನುಮತಿ ಇಲ್ಲದೆ ಹಾಕಿದ್ದಕ್ಕೆ ವಿಚಾರಣೆ. ವಿಚಾರಣೆ ಮಾಡುವವರು ಡಾಕ್ಟರ್ ಮಂಗಲಾ, ಇವರಿಗೆ ನೀತಿಪಾಠ ಹೇಳುವ ಮೇಡಂ. ಇದೇ ಅಪೇಕ್ಷಾ ಅವರ ಸಬ್ಜೆಕ್ಟಿನಲ್ಲಿ ಕ್ಲಾಸಿಗೇ ಫಸ್ಟ್ ಬಂದವಳು! ರೋಗಿಯ ಗುಟ್ಟು ಕಾಯುವುದು ಹೇಗೆ ಅಂತ ಒಂದು ರೀಲನ್ನೂ ಮಾಡಿದ್ದಳು. ಅದಕ್ಕೂ ಹೃದಯ ಬಿದ್ದಿದ್ದವು.

ಬೆಳಿಗ್ಗೆ ನೀರುದೋಸೆ ಎರೆಯುತ್ತಿದ್ದೆ. ಅವಳು ತಟ್ಟೆ ಹಿಡಿದು ಕಟ್ಟೆಯ ಪಕ್ಕ ನಿಂತಿದ್ದಳು.

"ಆ ಹುಡುಗಿ ಮಂಜುಳಾ ಅಂತ. ರುಚಿತಾ ಹೇಳಿದಳು" ಎಂದಳು. ರುಚಿತಾ ಅಂದರೆ ಆವತ್ತು ಮೊಬೈಲು ಹಿಡಿದು ವಿಡಿಯೋ ತೆಗೆದ ಗೆಳತಿ. "ಮೊದಲ ಡೆಲಿವರಿ ಸಿಸೇರಿಯನ್ ಆಗಿತ್ತಂತೆ. ನೋವಿಲ್ಲ, ಹೊಟ್ಟೆ ತುಂಬಿದೆ ಅಂತ ಆಪರೇಶನ್ ಮಧ್ಯಾಹ್ನಕ್ಕೆ ಹಾಕಿದ್ರು. ಅಷ್ಟರಲ್ಲಿ ಒಳಗಿನ ಹಳೇ ಹೊಲಿಗೆ ಬಿಚ್ಚಿತು."

"ಮಗು?"

"ಗೇಲಂ." ಹೋಯಿತು ಅನ್ನುವುದಕ್ಕೂ ಅವಳಿಗೆ ಕನ್ನಡ ಸಿಗಲಿಲ್ಲ. "ಗರ್ಭಕೋಶ ತೆಗೆದ್ರು. ಅವಳು ಇನ್ನೂ ವಾರ್ಡಲ್ಲೇ ಇದ್ದಾಳೆ, ಇನ್ಫೆಕ್ಶನ್."

ಕಾವಲಿಯ ಮೇಲಿನ ದೋಸೆ ಸೀದು ಹೊಗೆ ಎದ್ದಿತು. ಅಲ್ಲ, ಆ ಡಾಕ್ಟರ್ ಒಮ್ಮೆ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದ್ದರೆ ಅವನ ಗಂಟು ಹೋಗುತ್ತಿತ್ತಾ? ಹೆರಿಗೆಗೆ ಬಂದವಳನ್ನು ಜಗಲಿಯಲ್ಲಿ ಮಲಗಿಸಿ, ಕಲಿಯುವ ಹುಡುಗಿಯ ಬಾಯಿಮಾತಿನಲ್ಲಿ ನೋವು ಅಳೆಯುವ ಆಸ್ಪತ್ರೆಗೆ ಬೆಂಕಿ ಹಾಕ!

"ಆಸ್ಪತ್ರೆಯವರು ಎಂತ ಹೇಳ್ತಾರೆ?"

"ರಿಲೇಟಿವ್ಸ್ ನೋವಿನ ವಿಷಯ ಮುಚ್ಚಿಟ್ರು, ಬಿರಿಯಾನಿ ತಿನ್ನಿಸಿದ್ರು ಅಂತ ಬರೆದಿದ್ದಾರೆ." ಅವಳು ತಟ್ಟೆಯ ಅಂಚು ತಿಕ್ಕುತ್ತಾ ಹೇಳಿದಳು, "ಅದರಲ್ಲಿ ನನ್ನ ಹೆಸರಿಲ್ಲ ಮಮ್ಮಿ."

ನಾನು ಅವಳ ಕೈಯಿಂದ ತಟ್ಟೆ ಕಿತ್ತುಕೊಂಡೆ. "ಹೆಸರಿಲ್ಲ ಅಂತ ಖುಷಿಯಾ ನಿನಗೆ? ನಾಚಿಕೆ ಆಗುದಿಲ್ಲವಾ?"

ಗಲಾಟೆ ಕೇಳಿ ಭುಜಂಗ ಒಳಗೆ ಬಂದರು. ವಿಷಯ ಕೇಳಿದ ಮೇಲೆ ಅವರ ಮುಖದ ಬಣ್ಣ ಸ್ವಲ್ಪ ಇಳಿಯಿತು. ಆದರೆ ಹೋಟೆಲು ನಡೆಸುವ ಮನುಷ್ಯ. ಗಿರಾಕಿಯ ತಟ್ಟೆಯಲ್ಲಿ ನೊಣ ಬಿದ್ದರೆ ತಟ್ಟೆಯನ್ನೇ ಮಾಯ ಮಾಡಿ ಗೊತ್ತು.

"ನಿನ್ನ ಹೆಸರಿಲ್ಲ ಅಂದಮೇಲೆ ನೀನಾಗಿ ಹಾಕಿಸಿಕೊಳ್ಳುದು ಬೇಡ" ಎಂದರು ಮಗಳಿಗೆ. "ವಿಡಿಯೋ ಡಿಲೀಟ್ ಮಾಡು. ಪರ್ಮಿಶನ್ ತಗೊಳ್ಳದ್ದು ತಪ್ಪಾಯ್ತು ಅಂತ ಸಾರಿ ಹೇಳು. ಅಲ್ಲಿಗೆ ಮುಗೀತು."

"ಡಿಲೀಟ್ ಮಾಡಬೇಡ!" ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು. "ಆ ಹೆಂಗಸು ಬೇನೆ ಅಂತ ಬಾಯಿಬಿಟ್ಟು ಹೇಳಿದ್ದು ಅದೊಂದರಲ್ಲೇ ಇರುದು. ಅದನ್ನೂ ಅಳಿಸಿದರೆ ಅವಳೇ ಕೊಂದದ್ದು ಅಂತ ಆಗ್ತದೆ."

"ಅಜ್ಜಿ, ಪ್ರೈವಸಿ ಅಂತ ಒಂದು ಉಂಟು. ಮಂಗಲಾ ಮ್ಯಾಮ್ ಕೂಡ ತೆಗಿ ಅಂತಲೇ ಹೇಳಿದ್ದಾರೆ. ಅದೇ ಎಥಿಕ್ಸ್."

"ಈಗ ನೆನಪಾಯ್ತಾ ಪ್ರೈವಸಿ? ಊರಿಡೀ ನಕ್ಕಾದ ಮೇಲೆ?" ಎಂದೆ.

"ಗೋದಾವರಿ, ನಿನ್ನ ಬಾಯಿಗೊಂದು ಬೀಗ ಹಾಕು" ಎಂದರು ಭುಜಂಗ ನನಗೆ. "ಮಗಳ ಜೀವನದ ಪ್ರಶ್ನೆ."

"ಆ ಮಗುವಿನದು ಎಂತದ್ದು? ಒಗ್ಗರಣೆಯಾ?"

ಅಷ್ಟರಲ್ಲಿ ಅಪೇಕ್ಷಾ ಮೊಬೈಲು ತೆಗೆದು ಎರಡು ಸಲ ಒತ್ತಿದಳು. "ಝಾಲಂ, ಡಿಲೀಟ್ ಆಯ್ತು. ಈಗ ಯಾರೂ ಜಗಳ ಮಾಡಬೇಡಿ" ಎಂದಳು. ನನಗೆ ಮೈಯೆಲ್ಲ ಉರಿಯಿತು.

ಆ ದಿನದಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅಪೇಕ್ಷಾ ಬಡಿಸಿದರೆ ಅತ್ತೆ ತಟ್ಟೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಭುಜಂಗ ಮೇಲೆ ಬರುವುದನ್ನೇ ಬಿಟ್ಟು ಹೋಟೆಲಿನಲ್ಲಿ ಉಣ್ಣತೊಡಗಿದರು. ನಾನು ಬೇಕೆಂದೇ ದಿನಾ ಕುಚ್ಚಲಕ್ಕಿ ಗಂಜಿ ಮಾಡಿದೆ. ಯತಿರಾಜನೊಬ್ಬ ಎಲ್ಲಿ ಕೂರಬೇಕೆಂದು ತಿಳಿಯದೆ ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದ. ಒಂದು ಮಧ್ಯಾಹ್ನ ಅತ್ತೆ ಅವನನ್ನು ಕರೆದು, "ನೀನು ಟಿವಿಗೆ ಹಾಕಿದ್ದೆಯಲ್ಲ, ಅದು ಇನ್ನೂ ಉಂಟಾ?" ಎಂದು ಕೇಳಿದರು.

"ಉಂಟಮ್ಮ. ಯಾಕೆ?"

"ನಿನ್ನ ಅತ್ತಿಗೆಯ ಮೊಬೈಲಿಗೆ ಕಳಿಸು. ಅಣ್ಣನಿಗೆ ಹೇಳಿದರೆ ನಿನ್ನ ಕಾಲು ಮುರೀತೇನೆ."

ವಿಚಾರಣೆಗೆ ತಾಯಿ ತಂದೆಯರಲ್ಲಿ ಒಬ್ಬರು ಬರಬೇಕಿತ್ತು. ಭುಜಂಗ ಕುಂಭಮೇಳದ ರಸ್ತೆ ಅಗೆತ, ಮುನಿಸಿಪಾಲಿಟಿಯವರು ಬರುತ್ತಾರೆ ಎಂದು ನೆಪ ಹೇಳಿದರು. ಮುಖ ತೋರಿಸಲು ಧೈರ್ಯ ಇಲ್ಲ ಅಷ್ಟೆ. ನಾವು ಬಸ್‌ಸ್ಟ್ಯಾಂಡಿಗೆ ರಿಕ್ಷಾ ಹತ್ತುವಾಗ ನನ್ನ ಹತ್ತಿರ ಬಂದು ಹೇಳಿದರು, "ನೀನು ಅಲ್ಲಿ ಬಾಯಿ ಬಿಟ್ಟರೆ ಈ ಮನೆಗೆ ಬರುವುದು ಬೇಡ."

"ಹಾಗಾದರೆ ಇಡ್ಲಿ ಹಿಟ್ಟು ನೀವೇ ರುಬ್ಬಿಕೊಳ್ಳಿ" ಎಂದು ನಾನು ರಿಕ್ಷಾದವನಿಗೆ ಹೊರಡಲು ಹೇಳಿದೆ.

ಬಸ್ಸಿನಲ್ಲಿ ಇಡೀ ದಾರಿ ಮಗಳು ಕಿವಿಗೆ ವೈರು ಸಿಕ್ಕಿಸಿಕೊಂಡು ಕಿಟಕಿ ನೋಡಿದಳು. ಕಾಲೇಜಿನಲ್ಲಿ ಅವಳನ್ನು ಒಳಗೆ ಕರೆದರು, ನನ್ನನ್ನು ಹೊರಗೆ ಬೆಂಚಿನಲ್ಲಿ ಕೂರಲು ಹೇಳಿದರು. ನಾನು ಕೂರಲಿಲ್ಲ. ದಾರಿ ಕೇಳಿಕೊಂಡು ಪಕ್ಕದ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹೋದೆ.

ಮೆಟ್ಟಿಲಿನ ಮೇಲೆ ಅವಳು ಕೂತಿದ್ದಳು. ಅದೇ ಕುಂಕುಮ, ಅದೇ ಸೆರಗು. ವಿಡಿಯೋದಲ್ಲಿ ನೋಡಿದ್ದಕ್ಕಿಂತ ಅರ್ಧ ಆಗಿದ್ದಳು. ನಾನು ಕನ್ನಡದಲ್ಲಿ ಮಾತಾಡಿಸಿದೆ. ಆ ಮುಖ ಅರಳಿದ್ದು ನೋಡಿ ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

"ಯಾ ಊರವ್ರ್ರೀ ಅಕ್ಕಾರ? ನಾ ಯಮನವ್ವ ಅಂತ್ರಿ. ಇಂಡಿ ತಾಲೂಕಿನವ್ರು ನಾವು. ಬಿಡಕಿನ್ ಕಡೆ ಫ್ಯಾಕ್ಟ್ರಿ ಕಟ್ಟತಾರಲ್ರಿ, ಅಲ್ಲಿ ದುಡೀತೀವಿ."

"ಒಳಗೆ ಯಾರಿದ್ದಾರೆ?"

"ಸೊಸಿ ಅದಾಳ್ರಿ. ನನಗ ಒಳಗ ಹೋಗಾಕ ಮಗ ಬಿಡವಲ್ಲ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾ ಬಿರಿಯಾನಿ ತಿನಿಸಿ ಕೂಸಿನ ಜೀವಾ ತಗದ್ನಂತ. ಡಾಕ್ಟರ್ ಹೇಳ್ಯಾರಂತ. ಶೆಡ್‌ನ್ಯಾಗ ಬಿರಿಯಾನಿ ಎಲ್ಲಿಂದ ಬರತೈತ್ರಿ? ಅವತ್ತ ಆಕಿ ರೊಟ್ಟಿ ಸುದ್ದಾ ಮುಟ್ಟಿರಲಿಲ್ಲ. ಬಾಯಾಗ ಸೆರಗು ಕಚಗೊಂಡು ಬಿದ್ದಿದ್ಳು. ಹಡದವ್ವ ಅಂತ ನನ್ನ ಕರಿಯೋ ಮಗ, ಈಗ ನನ್ನ ಕೈಯಾಗಿನ ನೀರು ಕುಡಿಯೂದಿಲ್ಲ."

ಅವಳೇ ಮುಂದುವರಿಸಿದಳು: "ಕನ್ನಡ ಬರೋ ಒಬ್ಬಾಕಿ ಹುಡುಗಿ ಇದ್ಳ್ರಿ ಇಲ್ಲೆ. ಆಕಿ ಮುಂದ ಎಲ್ಲಾ ಬಿಡಿಸಿ ಹೇಳೀನಿ. ಚಲೋ ಹುಡುಗಿ, ನಕ್ಕೋಂತ ಮಾತಾಡಿದ್ಳು. ಆಕಿ ಸಿಕ್ಕರ ಸಾಕ್ರಿ, ನಾ ಏನ ಹೇಳಿದ್ನಿ ಅನ್ನೂದು ನನ್ನ ಮಗನ ಮುಂದ ಆಕಿ ಬಾಯಿಂದ ಹೇಳಸ್ತೀನಿ."

"ಇಲ್ಲೇ ಇರಿ. ಎಲ್ಲಿಗೂ ಹೋಗಬೇಡಿ" ಎಂದು ಹೇಳಿ ನಾನು ಕಾಲೇಜಿಗೆ ಓಡಿದೆ.

ಅಪೇಕ್ಷಾ ಆಗಲೇ ಹೊರಗೆ ಬಂದಿದ್ದಳು. ಮುಖದಲ್ಲಿ ಗೆಲುವು. "ವಾರ್ನಿಂಗ್ ಅಷ್ಟೇ ಮಮ್ಮಿ! ಸಾರಿ ಬರೆದುಕೊಟ್ಟೆ." ಹಿಂದೆ ಡಾಕ್ಟರ್ ಮಂಗಲಾ ನಿಂತಿದ್ದರು, ನನ್ನದೇ ವಯಸ್ಸಿನ ಹೆಂಗಸು, ಕನ್ನಡಕ, ಕೈಯಲ್ಲಿ ಫೈಲು.

ನಾನು ಮರಾಠಿಯಲ್ಲಿ ಕೇಳಿದೆ, "ಇವಳು ತಪ್ಪು ಅರ್ಥ ಹೇಳಿದ್ದು ನಿಮಗೆ ಗೊತ್ತುಂಟಾ?"

"ತಾಯಿ, ಇವತ್ತಿನ ವಿಷಯ ವಿಡಿಯೋ ಒಂದೇ. ಅದನ್ನೂ ಇದನ್ನೂ ಬೆರೆಸಬೇಡಿ" ಎಂದರು ಮಂಗಲಾ. ಗೊತ್ತಿತ್ತು ಅವರಿಗೆ. ದನಿಯಲ್ಲೇ ತಿಳಿಯಿತು.

"ಹಾಗಾದರೆ ನೀವು ಇವಳಿಗೆ ಕಲಿಸಿದ್ದು ಎಂತ? ಸಾರಿ ಬರೆಯುವುದಾ?"

"ನಾನು ಕಲಿಸುವುದನ್ನೆಲ್ಲ ಕಲಿಸಿದ್ದೇನೆ. ಅವಳ ಅಂಕ ನೋಡಿ."

"ಅಂಕ ನಾನು ನೋಡಿದ್ದೇನೆ. ನೀವು ಬಂದು ಆ ಮುದುಕಿಯನ್ನು ನೋಡಿ." ನಾನು ಮಗಳ ರಟ್ಟೆ ಹಿಡಿದು ಎಳೆದೆ. "ಆಯೀ, ಸೋಡ್ ಮಲಾ, ಬಿಡು ನನ್ನನ್ನು!" ಎಂದು ಅವಳು ಕೂಗಿದಳು. ಜನ ತಿರುಗಿ ನೋಡಿದರು. ನೋಡಲಿ, ಲಕ್ಷ ಜನ ನೋಡಿದ್ದಕ್ಕೆ ಇವಳಿಗೆ ನಾಚಿಕೆ ಇರಲಿಲ್ಲವಲ್ಲ! ಮಂಗಲಾ ಮೇಡಂ ಸಿಟ್ಟಿನಿಂದ, ನಾನು ಸೆಕ್ಯೂರಿಟಿ ಕರೆಯುತ್ತೇನೆ ಎನ್ನುತ್ತಾ ಹಿಂದೆಯೇ ಬಂದರು.

ಮೆಟ್ಟಿಲ ಹತ್ತಿರ ಯಮನವ್ವನ ಮಗ ಪರಮೇಶ್ವರ ಔಷಧಿ ಚೀಲ ಹಿಡಿದು ತಾಯಿಯನ್ನು ದಾಟಿಕೊಂಡು ಹೋಗುತ್ತಿದ್ದ. ಅವಳ ಕಡೆ ನೋಡಲೂ ಇಲ್ಲ. ಯಮನವ್ವ ನನ್ನ ಮಗಳನ್ನು ಕಂಡವಳೇ ಎದ್ದು ನಿಂತಳು. "ಪರಮ್ಯಾ, ಬಂದ್ಳು ನೋಡೋ, ಈಕಿನ ಆ ಹುಡುಗಿ! ಹೇಳವ್ವಾ, ನಾ ಏನ ಹೇಳಿದ್ನಿ ನಿನಗ? ಅಷ್ಟ ಹೇಳಬಿಡು."

ಅಪೇಕ್ಷಾ ನೆಲ ನೋಡಿದಳು.

"ಹೇಳು" ಎಂದೆ ನಾನು. ಹೇಳಲಿಲ್ಲ. ನಾನು ಮೊಬೈಲು ತೆಗೆದು ಪರಮೇಶ್ವರನ ಮುಂದೆ ಹಿಡಿದೆ. ಅವನ ತಾಯಿಯ ದನಿ ಆ ಜಗಲಿಯಲ್ಲಿ ಎರಡನೆಯ ಸಲ ಕೇಳಿತು: ನನ್ನ ಸೊಸಿ ಮುಂಜಾನಿಂದ ಬ್ಯಾನಿ ತಿನ್ನಾಕತ್ತಾಳ್ರೀ ಬಾಯಾರ. ಆಮೇಲೆ ನನ್ನ ಮಗಳ ಮಾತು, ಡೋಲು, ನಗು. ನಗು ಬಂದಾಗ ಯಮನವ್ವ ಯಾರು ನಗುತ್ತಿದ್ದಾರೆಂದು ಸುತ್ತ ನೋಡಿದಳು.

ಪರಮೇಶ್ವರ ಮೆಟ್ಟಿಲಿನ ಮೇಲೆ ಕುಸಿದು ಕೂತ. "ಯವ್ವಾ, ನೀ ಹೇಳಿದ್ದಿ..." ಎಂದ. ಆಮೇಲೆ ತಲೆ ಎತ್ತಿ ನನ್ನ ಮಗಳಿಗೆ ಹೇಳಿದ, "ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ನಬೇಕಿತ್ತವಾ ತಂಗಿ. ನಾ ಇಲ್ಲೇ ಕೆಳಗ ಕೇಸ್‌ಪೇಪರಿನ ಪಾಳೇದಾಗ ನಿಂತಿದ್ನಿ. ಒಂದು ಒದರಿದ್ರ ಬರತಿದ್ನಿ."

"ಏನನ್ನುತ್ತಾನೆ?" ಎಂದು ಮಂಗಲಾ ಮೇಡಂ ಕೇಳಿದರು.

ನಾನು ಹೇಳಬಹುದಿತ್ತು. ಹೇಳಲಿಲ್ಲ. ಅಪೇಕ್ಷಾಳೇ ಮರಾಠಿಯಲ್ಲಿ ಹೇಳಿದಳು, ಬಿಕ್ಕುತ್ತಾ, ಒಂದೊಂದೇ ಮಾತು. ಈ ಸಲ ಒಂದು ಶಬ್ದವೂ ತಪ್ಪಲಿಲ್ಲ. ಮಂಗಲಾ ಫೈಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ, "ಆ ವಿಡಿಯೋ ನನಗೆ ಕಳಿಸಿ" ಎಂದರು. ಮಗಳಿಗೆ, "ನಡಿ ಒಳಗೆ. ನೀನು ಬರೆದುಕೊಟ್ಟದ್ದನ್ನು ಹರಿದು ಹಾಕುತ್ತೇನೆ, ಹೊಸದಾಗಿ ಬರಿ. ಅವರು ಹೇಳಿದ್ದೇನು, ನೀನು ಹೇಳಿದ್ದೇನು, ಎರಡನ್ನೂ" ಎಂದರು.

ಆ ಡಾಕ್ಟರನ ಮೇಲೂ ವಿಚಾರಣೆ ಶುರುವಾಗಿದೆಯಂತೆ. ಅಪೇಕ್ಷಾಳನ್ನು ಒಂದು ಟರ್ಮು ಹೊರಗೆ ಹಾಕಿದರು. ಅವಳು ನಾಸಿಕಕ್ಕೆ ಬಂದು ಕೋಣೆ ಸೇರಿದಳು. ಭುಜಂಗ ನನ್ನನ್ನು ಮನೆಯಿಂದ ಹೊರಗೇನೂ ಹಾಕಲಿಲ್ಲ, ಹಿಟ್ಟು ರುಬ್ಬುವವರು ಬೇಕಲ್ಲ. ಮಾತು ಮಾತ್ರ ಬಿಟ್ಟರು. ಏನಾದರೂ ಬೇಕಾದರೆ ಯತಿರಾಜನ ಮೂಲಕ ಕೇಳಿಸುತ್ತಾರೆ.

"ಬೇರೆಯವರ ಅಮ್ಮಂದಿರು ಮಕ್ಕಳನ್ನು ಕಾಪಾಡ್ತಾರೆ" ಎಂದಳು ಮಗಳು ಒಂದು ದಿನ, ನಾನು ಊಟಕ್ಕೆ ಕರೆದಾಗ. "ನೀನು ನನ್ನನ್ನು ಆ ಜನರ ಮುಂದೆ ಎಸೆದೆ."

"ಆ ಯಮನವ್ವನೂ ಒಬ್ಬ ಅಮ್ಮನೇ. ಅವಳನ್ನು ನೀನು ಎಲ್ಲಿ ಎಸೆದಿದ್ದೆ?"

"ಐ ಹೇಟ್ ಯೂ."

"ಮಾಡು. ಮೊದಲು ಉಣ್ಣು" ಎಂದೆ. ಅವಳು ಉಣ್ಣಲಿಲ್ಲ. ನನಗೂ ಸೇರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ್ದು ಹಾಗೆ ಅಂದರೆ ಕರುಳು ಕತ್ತರಿಸಿದ ಹಾಗೆ ಆಗುವುದಿಲ್ಲವೇ?

ಮೊನ್ನೆ ಸಂಜೆ ನಾನು ಉದ್ದು ತೊಳೆಯುತ್ತಿದ್ದಾಗ ಪರಮೇಶ್ವರನ ಫೋನು ಬಂತು. ಮಂಜುಳಾಳನ್ನು ಆಸ್ಪತ್ರೆಯಿಂದ ಬಿಟ್ಟಿದ್ದಾರೆ, ಎಲ್ಲರೂ ಊರಿಗೆ ಹೊರಟಿದ್ದೇವೆ ಎಂದ. ಯಮನವ್ವ ಅವನಿಂದ ಫೋನು ಕಸಿದುಕೊಂಡಳು.

"ಅಕ್ಕಾರ, ನನ್ನ ಮಗ ಇವತ್ತ ನನ್ನ ಕೈಲೆ ಉಂಡಾನ್ರಿ" ಎಂದಳು. ಆಮೇಲೆ, "ಆ ಹುಡುಗಿ ಅದಾಳೇನ್ರಿ? ಆಕಿ ಕೈಯಾಗ ಕೊಡ್ರಿ" ಎಂದಳು.

ಅಪೇಕ್ಷಾ ಬೇಡವೆಂದು ತಲೆ ಅಲ್ಲಾಡಿಸಿದಳು. ಅತ್ತೆ ಮೂಲೆಯಿಂದ, "ತಕ್ಕೋ" ಎಂದು ಗದರಿದರು. ಅವಳು ತೆಗೆದುಕೊಂಡಳು. ನಾನು ಸ್ಪೀಕರ್ ಒತ್ತಿದೆ.

"ತಂಗಿ, ಒಂದಿನ ನೀನೂ ಬ್ಯಾನಿ ತಿಂತಿ" ಎಂದಳು ಯಮನವ್ವ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮೆತ್ತಗೂ ಇರಲಿಲ್ಲ. "ಅವತ್ತ ನಿನ್ನ ಮಾತು ತಿಳಿಯೋರು ನಿನ್ನ ಬಾಜೂಕ ಇರ್ಲಿ." ಫೋನು ಇಟ್ಟಳು.

ಅಪೇಕ್ಷಾ ಮೊಬೈಲು ಹಿಡಿದುಕೊಂಡೇ ನಿಂತಿದ್ದಳು. ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿ, ನಡುವೆ ಮರಾಠಿ ಸೇರಿಸದೆ ಕೇಳಿದಳು.

"ಅಮ್ಮ, ಅವರು ನನಗೆ ಒಳ್ಳೇದಾಗಲಿ ಅಂತ ಹೇಳಿದ್ದಾ? ಶಾಪ ಹಾಕಿದ್ದಾ?"

ನಾನು ಅತ್ತೆಯ ಕಡೆ ನೋಡಿದೆ. ಅವರು ಮುಖ ತಿರುಗಿಸಿಕೊಂಡರು.

"ನನಗೆ ತಿಳೀಲಿಲ್ಲ" ಎಂದೆ.